ಏಳನೆಯ ಮಂಚದ ಖಾಲಿ ತಾಟು

“ಎಂಬತ್ತೈದು!”

ನಾನು ಕೂಗಿದ್ದೇ ತಡ, ಹೆಂಗಸರ ವಾರ್ಡಿನ ಗುಸುಗುಸು ನಿಂತಿತು.

ಬೆಲ್ಲದ ಪೇಟೆಯಿಂದ ಕೇಳಿ ತಂದ ದೊಡ್ಡ ತಕ್ಕಡಿ. ಒಂದು ಕಡೆ ತೂಕದ ಕಲ್ಲುಗಳು, ಇನ್ನೊಂದು ಕಡೆ ಹಗ್ಗದಿಂದ ತೂಗುಬಿಟ್ಟ ಮಂಚ, ಮಂಚದ ಮೇಲೆ ಮೇಲವಂಕಿಯ ಶಿವವ್ವ. ತೊಡೆಯ ಎಲುಬು ಮುರಿದ ಮುದುಕಿಯನ್ನು ಎಬ್ಬಿಸಿ ನಿಲ್ಲಿಸುವ ಹಾಗಿಲ್ಲ. ಮಂಚದ ಸಮೇತ ತೂಗಿ, ಮಂಚದ ತೂಕವನ್ನೂ ಕಾಲಿಗೆ ಕಟ್ಟಿದ ಹಲಗೆಯ ತೂಕವನ್ನೂ ಕಳೆಯಬೇಕು. ಕಳೆಯುವ ಕೆಲಸ ನನ್ನದು. ಗೋಕಾಕದ ಈ ಧರ್ಮದ ದವಾಖಾನೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಕಂಪೌಂಡರ್. ಸೋಮಪ್ಪನ ಔಷಧ ಕಹಿ ಎಂದು ಯಾರು ಬೇಕಾದರೂ ಹೇಳಲಿ, ಲೆಕ್ಕ ತಪ್ಪು ಎಂದು ಇದುವರೆಗೆ ಯಾರೂ ಹೇಳಿಲ್ಲ.

“ಇನ್ನೊಮ್ಮೆ ನೋಡ್ರಿ, ಸೋಮಪ್ಪ,” ಎಂದರು ಡಾಕ್ಟರ್ ಸಾಹೇಬರು.

“ಮೂರು ಸಲ ನೋಡೇನ್ರಿ. ಬಂದ ದಿನ ತೊಂಬತ್ತೆಂಟು ರತ್ತಲು. ಹ್ವಾದ ಸೋಮವಾರ ತೊಂಬತ್ತೊಂದು. ಶುಕ್ರವಾರ ಎಂಬತ್ತೆಂಟು. ಇವತ್ತು ಎಂಬತ್ತೈದು. ಎಷ್ಟು ಸಲ ನೋಡಿದ್ರೂ ಕಲ್ಲಿಗೇನು ಕರುಣೆ ಬರತೈತೇನ್ರಿ?”

ಡಾಕ್ಟರರು ಮುಂಬಯಿಯಲ್ಲಿ ಕಲಿತು ಬಂದ ಹೊಸ ಹುಡುಗ. ವಾರಕ್ಕೊಮ್ಮೆ ರೋಗಿಗಳನ್ನು ತೂಗಬೇಕೆಂಬ ಹಟ ಅವರದೇ. ಬೆಲ್ಲದ ಹಾಗೆ ಜನರನ್ನು ತೂಗುತ್ತಾರೆ ಎಂದು ನಾವೆಲ್ಲ ಹಿಂದಿನಿಂದ ನಕ್ಕಿದ್ದೆವು. ಆ ಹಟ ಇಲ್ಲದಿದ್ದರೆ ಮುದುಕಿ ಕರಗುತ್ತಿರುವುದು ನಮಗೆ ತಿಳಿಯುತ್ತಲೇ ಇರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಹದಿನಾಲ್ಕು ದಿನ ಬೇಕಾಯಿತು.

ರೋಗಿಗಳ ಹಾಲು ಕದಿಯುತ್ತಾಳೆಂದು ಅಡುಗೆಯ ಲಕ್ಕವ್ವನನ್ನು ಶುಕ್ರವಾರವೇ ಠಾಣೆಯಲ್ಲಿ ಕೂಡಿಸಿದ್ದಾಗಿತ್ತು. ಅಂದಿನಿಂದ ಡಾಕ್ಟರರೇ ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂತು, ಹಾಲು, ನುಚ್ಚಿನ ಗಂಜಿ, ಹೆಸರಬೇಳೆಯ ಕಟ್ಟು ಎಲ್ಲವನ್ನೂ ತಮ್ಮ ಕಣ್ಣೆದುರು ಹಾಕಿಸಿ ಕಳಿಸಿದ್ದರು. ಆದರೂ ಮುದುಕಿ ಮೂರು ದಿನದಲ್ಲಿ ಮೂರು ರತ್ತಲು ಇಳಿದಿದ್ದಳು.

“ಅಂದ್ರ ನಾ ಕೂಡಿಸಿದಾಕಿ ಕಳ್ಳಿ ಅಲ್ಲ,” ಎಂದಿತು ಬಾಗಿಲಲ್ಲಿ ಒಂದು ದನಿ.

ಫೌಜದಾರ ಧನಪಾಲ ಚೌಗಲೆಯವರು. ಸಂಕೇಶ್ವರದ ಜೈನರ ಮನೆತನ, ಹುಕ್ಕೇರಿ ಠಾಣೆಯಿಂದ ಹೋದ ವರ್ಷ ಇಲ್ಲಿಗೆ ವರ್ಗವಾಗಿ ಬಂದವರು. ಬಾಯಲ್ಲಿ ಸದಾ ಒಂದು ಯಾಲಕ್ಕಿ. ಮಾತು ನಿಧಾನ, ನಡಿಗೆ ಇನ್ನೂ ನಿಧಾನ. ಅವಸರದ ಮನುಷ್ಯನಾದ ನನಗೆ ಅವರನ್ನು ನೋಡಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

“ಕಳ್ಳರು ಯಾರಾರ ಆಗ್ಲಿ, ಫೌಜದಾರ್ರ,” ಎಂದರು ಡಾಕ್ಟರರು. “ಕ್ಷಯ ಇಲ್ಲ, ಸಕ್ಕರಿ ಬ್ಯಾನಿ ಇಲ್ಲ, ಜ್ವರ ಇಲ್ಲ. ಎಲ್ಲಾ ನೋಡೇನಿ. ಕೊಟ್ಟದ್ದೆಲ್ಲಾ ಉಣತಾಳ, ಆದ್ರೂ ಬತ್ತಾಕತ್ತಾಳ. ನಾಡಿ ಕೈಗೆ ಸಿಗವಲ್ದು. ಇನ್ನ ಎರಡು ದಿನ ಹಿಂಗ ಹೋದ್ರ ಎದಿ ನಿಂತಬಿಡತೈತಿ. ಇವತ್ತು ನಾಲ್ಕು ಗಂಟೇಕ ಮೂಗಿನಾಗ ರಬ್ಬರ ನಳಿಗಿ ಹಾಕಿ ನಾನ ಹಾಲು ಇಳಸ್ತೇನಿ.”

ಕಣ್ಣು ಮುಚ್ಚಿ ಮಲಗಿದ್ದ ಶಿವವ್ವ ಥಟ್ಟನೆ ಕಣ್ಣು ಬಿಟ್ಟಳು. ಒಣಗಿದ ಕೈಯಿಂದ ಮಂಚದ ಅಂಚನ್ನು ಹಿಡಿದಳು.

“ಬ್ಯಾಡ್ರಿ, ಯಪ್ಪಾ. ಬೇಕಾದ್ರ ಕೊಂದ ಹಾಕ್ರಿ. ಅದೊಂದ ಮಾಡಬ್ಯಾಡ್ರಿ.”

ಅಷ್ಟೇ ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ಡಾಕ್ಟರರು ಸಿಡಿಮಿಡಿಗೊಂಡು ಹೊರಗೆ ಹೋದರು. ಫೌಜದಾರರು ಮಾತ್ರ ಅಲ್ಲೇ ನಿಂತು ಯಾಲಕ್ಕಿಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದರು.

“ಸೋಮಪ್ಪನವರ, ದಿನಾ ಎರಡು ಹೊತ್ತು ಹಾಲು ಕುಡಿಯೂವಾಕಿ ಹಾಲಿಗೆ ಯಾಕ ಅಂಜತಾಳ?”

“ನಳಿಗಿ ಅಂದ್ರ ಯಾರಿಗಾದ್ರೂ ಅಂಜಿಕಿನ ಬಿಡ್ರಿ” ಎಂದೆ.

ಅವರು ಮಂಚದ ತಲೆಗೆ ತೂಗುಹಾಕಿದ್ದ ಕಾಗದ ತೆಗೆದು ಓದಿದರು. ನರ್ಸ್ ಸೀತಾಬಾಯಿ ಪ್ರತಿ ಹೊತ್ತಿನ ಊಟದ ಎದುರೂ ದುಂಡಗೆ ಬರೆದಿದ್ದರು: ಪೂರ್ತಿ, ಪೂರ್ತಿ, ಪೂರ್ತಿ. ಹದಿನಾಲ್ಕು ದಿನವೂ ತಾಟು ನೆಕ್ಕಿದಷ್ಟು ಖಾಲಿ.

“ಬಾಯಿ, ನೀವು ನಿಂತು ಉಣಿಸಿದ್ರೇನು?”

ಸೀತಾಬಾಯಿ ಸಾತಾರಾ ಕಡೆಯವರು. ಬಂದು ತಿಂಗಳೂ ಆಗಿರಲಿಲ್ಲ, ಆದರೂ ಕೆಲಸದಲ್ಲಿ ಒಂದು ಕೂದಲೆಳೆಯಷ್ಟು ತಪ್ಪು ಹುಡುಕಲಾಗದ ಹೆಂಗಸು. “ಇಲ್ಲರೀ. ಉಣ್ಣೋವಾಗ ಯಾರೂ ನೋಡಬಾರದು, ದೃಷ್ಟಿ ಆಗ್ತದ ಅಂತಾಳ. ಅದಕ್ಕ ಈ ಮೂಲೆಗೆ ಪರದೆ ಎಳೆದು ಹೋಗ್ತೀನಿ. ಬರೋಷ್ಟರಲ್ಲಿ ತಾಟು ಖಾಲಿ.”

ಪರದೆಯ ಒಳಗೆ ಇದ್ದದ್ದು ಎರಡು ಮಂಚ. ಏಳು ಮತ್ತು ಎಂಟು.

ಫೌಜದಾರರು ಸ್ಟೂಲು ಎಳೆದುಕೊಂಡು ಕೂತರು. ನಾಲ್ಕು ಗಂಟೆಗೆ ನಳಿಗೆ, ಈಗ ಹತ್ತು ದಾಟಿದೆ, ಈ ಮನುಷ್ಯ ಕೂತು ಕಥೆ ಹೇಳಲು ಶುರುಮಾಡಿದರು!

“ನಾನು ಹೊತ್ತು ಮುಳುಗಿದ ಮ್ಯಾಲೆ ಉಣ್ಣೂದಿಲ್ಲ, ನಿಮಗ ಗೊತ್ತೈತಿ. ಹುಕ್ಕೇರಿಯಾಗ ಇದ್ದಾಗ ಮಾಮಲೇದಾರ್ರು ಒಂದು ರಾತ್ರಿ ಊಟಕ್ಕ ಕರದ್ರು. ಒಲ್ಲೆ ಅಂದ್ರ ಅವರಿಗೆ ಬ್ಯಾಸರ, ಉಂಡ್ರ ನನಗ ಪಾಪ. ಬಾಜೂಕ ಕುಂತ ಕಾರಕೂನನ ಕಡೆ ಸುಮ್ಮನ ತಾಟು ಸರಿಸಿದೆ. ಅವ ಎರಡೂ ತಾಟು ಬಳದ. ಚೌಗಲೆ ಎಷ್ಟು ಛಲೋ ಉಂಡ ಅಂತ ಮಾಮಲೇದಾರ್ರು ಇವತ್ತಿಗೂ ಹೇಳತಾರ.”

“ಅದಕ್ಕೇನೀಗ?” ಎಂದೆ ಸಿಟ್ಟಿನಿಂದ.

“ಎಂಟನೇ ಮಂಚದಾಕಿ ತೂಕ ಓದ್ರಿ.”

ಓದಿದೆ. ಮೂಡಲಗಿಯ ಗುಡ್ಡವ್ವ, ಚಳಿಜ್ವರದಲ್ಲಿ ಒಣಗಿ ಕಡ್ಡಿಯಾಗಿ ಬಂದವಳು. ಬಂದ ದಿನ ಎಪ್ಪತ್ತೊಂಬತ್ತು. ಹೋದ ಸೋಮವಾರ ಎಂಬತ್ತಮೂರು. ಇಂದು ಬೆಳಗ್ಗೆ ಎಂಬತ್ತೆಂಟು. ಡಾಕ್ಟರರು ಅದೆಲ್ಲ ತಮ್ಮ ಕ್ವಿನೈನಿನ ಗುಣ ಎಂದು ವಾರ್ಡಿನ ತುಂಬ ಸಂತೋಷಪಟ್ಟಿದ್ದರು. ನಾನೂ ಒಳಗೊಳಗೇ ಬೀಗಿದ್ದೆ, ಕ್ವಿನೈನು ಅರೆದು ಕೊಟ್ಟವನು ನಾನಲ್ಲವೇ?

ಅಯ್ಯೋ ನನ್ನ ಬುದ್ಧಿಯೇ! ಎರಡೂ ಕಾಗದ ಪಕ್ಕಪಕ್ಕದಲ್ಲೇ ತೂಗುತ್ತಿದ್ದವು. ಒಂದು ಇಳಿಯುತ್ತಿತ್ತು, ಒಂದು ಏರುತ್ತಿತ್ತು. ನಾನು ಎರಡನ್ನೂ ನನ್ನ ಕೈಯಾರೆ ಬರೆದಿದ್ದೆ.

ಗುಡ್ಡವ್ವ ಆಗಲೇ ಕಂಬಳಿಯನ್ನು ಮೂಗಿನ ತನಕ ಎಳೆದುಕೊಂಡಿದ್ದಳು.

“ಏನವಾ ಗುಡ್ಡವ್ವ, ದವಾಖಾನಿ ಊಟ ಹಿಡಿಸಿತೇನು?” ಎಂದರು ಫೌಜದಾರರು.

“ಹೂಂನ್ರಿ,” ಎಂದಿತು ಕಂಬಳಿ.

“ಒಂದು ತಾಟು ಹೊಟ್ಟಿಗೆ ಸಾಕಾಗತೈತಿ?”

ಕಂಬಳಿ ಇನ್ನೂ ಮೇಲಕ್ಕೆ, ಹಣೆಯ ತನಕ ಸರಿಯಿತು.

“ಲಕ್ಕವ್ವ ಮೂರು ದಿನ ಆತು ಠಾಣೆದಾಗ ಕುಂತು ಅಳಾಕತ್ತಾಳ. ಮಾಡದ ಕಳುವಿಗೆ.”

ಗುಡ್ಡವ್ವ ಭಡಕ್ಕನೆ ಎದ್ದು ಕೂತಳು. “ಯಪ್ಪಾ, ನಾ ಕದ್ದಿಲ್ಲರಿ! ಆ ಯವ್ವನ ಕೊಡತಾಳ. ನನಗ ಹಸಿವಿಲ್ಲ, ನೀ ಉಣ್ಣು, ನೀ ಉಂಡರ ನಾ ಉಂಡಂಗ ಅಂತಾಳ. ಹೊಳ್ಳಿ ಕಳಿಸಿದ್ರ ಡಾಕ್ಟರ್ರು ಬಯ್ತಾರ, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾಳ. ನನಗೂ ಹಸಿವು ಭಾಳ ಇತ್ರಿ. ನಾಕು ತಿಂಗಳ ಜ್ವರದಾಗ ಬಿದ್ದಿದ್ದೆ. ಹಾಲು ಕಂಡ್ರ ಬಿಡಾಕ ಆಗತೈತೇನ್ರಿ?” ಅವಳು ಗೊಳೋ ಎಂದು ಅಳತೊಡಗಿದಳು. “ನಾ ಆ ಯವ್ವನ್ನ ತಿಂದ ಹಾಕಿದೆ!”

“ಸುಮ್ಮಕಿರವಾ. ಉಣ್ಣೂದು ತಪ್ಪಲ್ಲ. ಆಕಿ ಮತ್ತೇನು ಮಾಡತಾಳ ಹೇಳು. ಪರದಿ ಒಳಗ.”

ಗುಡ್ಡವ್ವ ಕಣ್ಣೊರೆಸಿಕೊಂಡಳು. “ಏನೂ ಇಲ್ರಿ. ದಿನಾ ಮುಂಜಾನೆ ಮಲಗಿದಲ್ಲೇ ಮುಖದ ಮ್ಯಾಲೆ ಸೆರಗು ಎಳಕೋತಾಳ. ಎಡಗೈ ಹಿಂಗ ಮ್ಯಾಲೆ ಹಿಡಕೊಂಡು ಅಂಗೈ ನೋಡತಾಳ. ಭಾಳ ಹೊತ್ತು ನೋಡತಾಳ್ರಿ. ಅಂಗೈಯಾಗ ಏನೂ ಇರೂದಿಲ್ಲ. ಆಮ್ಯಾಲೆ ಅಳತಾಳ.”

ಫೌಜದಾರರು ನನ್ನ ಮುಖ ನೋಡಿದರು. ಅವರಿಗೆ ಏನೂ ಹೊಳೆದಿರಲಿಲ್ಲ. ಹೊಳೆಯಬೇಕಾದವನು ನಾನು.

ನನ್ನ ಕೈ ತಾನಾಗಿ ನನ್ನ ಕೊರಳಿಗೆ ಹೋಯಿತು. ಅಂಗಿಯ ಒಳಗೆ ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ನನ್ನ ಇಷ್ಟಲಿಂಗ. ಎಂಟು ವರ್ಷದವನಿದ್ದಾಗ ಅಯ್ಯನವರು ಕಟ್ಟಿದ್ದು. ದಿನಾ ಬೆಳಗ್ಗೆ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಂಡ ಮೇಲೆಯೇ ನನ್ನ ಬಾಯಿಗೆ ಒಂದು ತುತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಅಷ್ಟೇ. ಮೇಲವಂಕಿಯ ಲಿಂಗವಂತರ ಮನೆಯ ಮುದುಕಿಗೆ ಬೇರೆ ಹೇಗೆ ಇರುತ್ತದೆ?

ಪೂಜೆ ಇಲ್ಲದೆ ಊಟವಿಲ್ಲ. ಲಿಂಗವೇ ಇಲ್ಲದಿದ್ದರೆ?

ದಿನಕ್ಕೆ ಮೂರು ಸಲ ಅವಳ ತಲೆ ಎತ್ತಿ ನಾನೇ ಔಷಧ ಕುಡಿಸುತ್ತಿದ್ದೆ. ಅವಳ ಕೊರಳು ನನ್ನ ಕೈಯಿಂದ ಗೇಣು ದೂರ. ಸೆರಗನ್ನು ಅವಳು ಯಾಕೆ ಅಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆಂದು ಒಂದು ಸಲವೂ ಯೋಚಿಸಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಫೌಜದಾರ್ರ, ನೀವು ಚೂರು ಹೊರಗ ನಿಂದರ್ರಿ,” ಎಂದೆ. ಅವರು ಯಾಕೆ ಎಂದು ಕೇಳದೆ ಎದ್ದು ಹೋದರು.

ನಾನು ಶಿವವ್ವನ ಕಿವಿಯ ಹತ್ತಿರ ಬಗ್ಗಿದೆ. “ಯವ್ವಾ, ನಿನ್ನ ಕೊರಳಾಗ ಲಿಂಗ ಇಲ್ಲ, ಹೌದಿಲ್ಲೋ?”

“ಒದರಬ್ಯಾಡೋ ತಮ್ಮಾ,” ಎಂದಳು. ಕಣ್ಣೀರು ಬರುವಷ್ಟು ನೀರೂ ಆ ಮೈಯಲ್ಲಿ ಉಳಿದಿರಲಿಲ್ಲ. “ಎಲುಬು ಕೂಡಸಾಕ ಔಷಧ ಮೂಸಿಸಿ ಮಲಗಿಸಿದ್ರಲ್ಲ, ಎಚ್ಚರಾಗೂದ್ರಾಗ ಕೊರಳು ಬರಿದ ಇತ್ತು. ನಮ್ಮ ಭಾವನ ಮಗ ರಾಚಪ್ಪನ್ನ ಕೇಳಿದೆ. ನನ್ನ ಕಡೆ ಐತಿ ಚಿಗವ್ವಾ, ಮನಿಯಾಗ ಇಟ್ಟೇನಿ, ನಾಳೆ ತರತೇನಿ ಅಂದ. ನಾಳೆ ನಾಳೆ ಅನ್ನಕೋತ ದಿನಾ ಹ್ವಾದವು.”

“ಯಾರಿಗಾದ್ರೂ ಹೇಳಬಾರದೇನು? ಅಯ್ಯನೋರನ್ನ ಕರಸಿ ಹೊಸಾದು ಕಟ್ಟಸತಿದ್ವಿ!”

“ಕೊರಳಾಗ ಲಿಂಗ ಇಲ್ಲದಾಕಿ ಅಂತ ಯಾವ ಬಾಯಿಲೆ ಹೇಳಲಿ? ಅವ ತರತೇನಿ ಅಂತಿದ್ದ. ಇವತ್ತ ತಂದಾನು ಅಂತ ಕಾದೆ. ಅಷ್ಟ.”

“ಮತ್ತ ನನ್ನ ಔಷಧ ಕುಡದಿಯಲ್ಲ?”

“ಔಷಧ ಊಟ ಅಲ್ಲಲ್ಲೋ ತಮ್ಮಾ.”

ಆ ಔಷಧ ಕಹಿ ಎಂದು ನಾನು ಅದಕ್ಕೆ ಕೈ ಬಿಚ್ಚಿ ಸಕ್ಕರೆ ಪಾಕ ಹಾಕುತ್ತಿದ್ದೆ. ಕುಡಿದ ಮೇಲೆ ಒಂದು ಲೋಟ ನೀರು. ಈ ಮುದುಕಿ ಹದಿಮೂರು ದಿನ ಬದುಕಿದ್ದು ಅದರ ಮೇಲೆ.

“ನೀ ಬಿದ್ದದ್ದರೆ ಹೆಂಗ, ಯವ್ವಾ?” ಎಂದು ಕೇಳಿದೆ, ಸುಮ್ಮನೆ ಅವಳ ಮನಸ್ಸು ಹಗುರಾಗಲೆಂದು.

“ಸೋಮವಾರಕ್ಕೊಮ್ಮೆ ನಮ್ಮ ಹೊಲದಾಗ ಮನಿಯವರ ಸಮಾಧಿಗೆ ಪತ್ರಿ ಏರಸಾಕ ಹೋಗತೇನಿ. ಏಳು ವರ್ಷ ಆತು, ಒಂದು ದಿನಾ ಅಲುಗದ ಕಲ್ಲು ಅವತ್ತು ಕಾಲಾಗ ಅಲುಗಿತು ನೋಡು. ನನ್ನ ಹಣೇಬರಾ.”

ಮುದುಕರ ಕಾಲಲ್ಲಿ ಎಲ್ಲ ಕಲ್ಲೂ ಅಲುಗುತ್ತವೆ ಎಂದುಕೊಂಡೆ. ಅದನ್ನು ಅಲ್ಲಿಗೇ ಬಿಟ್ಟೆ. ಈ ಕಥೆಯಲ್ಲಿ ನನ್ನ ದಡ್ಡತನಗಳನ್ನು ಎಣಿಸುವವರು ಇದನ್ನೂ ಸೇರಿಸಿಕೊಳ್ಳಬಹುದು.

ಹೊರಗೆ ಬಂದು ಫೌಜದಾರರಿಗೆ ಎಲ್ಲ ಹೇಳಿದೆ. ಅವರು ನೇರ ಸೀತಾಬಾಯಿಯ ಮೇಜಿಗೆ ಹೋದರು. ಎಲುಬು ಕೂಡಿಸಿದ ಮಂಗಳವಾರ ನಾನು ಔಷಧ ತರಲು ಬೆಳಗಾವಿಗೆ ಹೋಗಿದ್ದೆ, ಅಂದಿನದು ನನಗೂ ಗೊತ್ತಿರಲಿಲ್ಲ. ಸೀತಾಬಾಯಿ ಪುಸ್ತಕ ತೆಗೆದು ತೋರಿಸಿದರು. ಅಚ್ಚುಕಟ್ಟಾದ ಅಕ್ಷರ: ಬೆಳ್ಳಿ ಕಡಗ ಎರಡು, ಬೆಳ್ಳಿ ಡಬ್ಬಿ ಒಂದು, ಸಂಬಂಧಿಕ ರಾಚಪ್ಪನ ವಶಕ್ಕೆ. ಕೆಳಗೆ ಅವನ ಸಹಿ.

“ಬೆಳ್ಳಿ ಡಬ್ಬಿ!” ಎಂದು ನಾನು ತಲೆ ಹಿಡಿದುಕೊಂಡೆ.

“ಕ್ಲೋರೋಫಾರ್ಮ್ ಕೊಡೋ ಮುಂಚೆ ಒಡವೆ ಎಲ್ಲ ತೆಗೆದು ಮನೆಯವರಿಗೆ ಕೊಡಬೇಕು, ಅದು ನಿಯಮ,” ಎಂದರು ಸೀತಾಬಾಯಿ. “ದಾರ ಕತ್ತರಿಸಿ ಕೊಟ್ಟೆ. ಏನು ತಪ್ಪಾತು?”

ನಾನು ಹೇಳಿದೆ. ಹೇಳುವಾಗ ದನಿ ಏರಿತೋ ಏನೋ. ಆ ಹೆಂಗಸು ಕುರ್ಚಿಯ ಮೇಲೆ ಕುಸಿದು ಕೂತರು. “ಅಗ ಬಾಯಿ! ನಮ್ಮ ಕಡೆ ಇದು ಇಲ್ಲರೀ. ನಾನು ತಾಯಿತ ಅಂದುಕೊಂಡೆ. ಪೂರ್ತಿ ಪೂರ್ತಿ ಅಂತ ಬರೆದೆ ನಾನು. ಕೈಯಾರೆ ಬರೆದೆ.” ನನ್ನ ಸಿಟ್ಟು ಎಲ್ಲಿ ಹೋಯಿತೋ, ನಾನೇ ಅವರಿಗೆ ನೀರು ತಂದುಕೊಟ್ಟೆ.

“ನಿಮ್ಮದು ಗೊತ್ತಿಲ್ಲದ ತಪ್ಪು, ಬಾಯಿ,” ಎಂದರು ಫೌಜದಾರರು. “ಗೊತ್ತಿದ್ದವ ದಿನದಂಗ ಮೂರು ಗಂಟೇಕ ಬರತಾನ.”

ಅಷ್ಟರಲ್ಲಿ ಅವರು ಠಾಣೆಗೆ ಚೀಟಿ ಕಳಿಸಿ ಲಕ್ಕವ್ವನನ್ನು ಬಿಡಿಸಿದ್ದರು. ಅವಳು ಮಧ್ಯಾಹ್ನ ಬಂದವಳೇ ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಬದಬ ಎಸೆದು ತೊಳೆಯತೊಡಗಿದಳು. ಡಾಕ್ಟರರು ಅಲ್ಲಿಂದ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದರು.

ಶಿವವ್ವನ ವಿಷಯ ಕೇಳಿದ ಮೇಲೂ ಅವರು ನಳಿಗೆಯನ್ನು ಬಿಸಿನೀರಿನಿಂದ ತೆಗೆಯಲಿಲ್ಲ. “ಲಿಂಗ ಬಂದ್ರ ಛಲೋ. ಬರದಿದ್ರ ನಾಲ್ಕು ಗಂಟೇಕ ನಾನು ಕಾಯೂದಿಲ್ಲ, ಸೋಮಪ್ಪ. ನನ್ನ ಕೈಯಾಗ ಆಕಿ ಹಸ್ತು ಸಾಯಬಾರದು.” ಅವರ ಮಾತೂ ಸುಳ್ಳಲ್ಲ. ಮಠದ ಅಯ್ಯನವರು ಮೂಡಲಗಿಗೆ ಹೋಗಿದ್ದಾರೆ, ಬರುವುದು ಸಂಜೆಗೆ ಎಂದು ನಾನು ಕಳಿಸಿದ ಆಳು ಬಂದು ಹೇಳಿದ್ದ. ಹೋಗಿ ಕರೆದುಕೊಂಡೇ ಬಾ ಎಂದು ಟಾಂಗಾ ಮಾಡಿ ಅಟ್ಟಿದೆ.

ಮೂರು ಗಂಟೆಗೆ ಸರಿಯಾಗಿ ರಾಚಪ್ಪ ಬಂದ. ಶಿವವ್ವನ ಗಂಡನ ಅಣ್ಣನ ಮಗ. ಮೂವತ್ತರ ವಯಸ್ಸು, ಬಿಳಿ ಟೊಪ್ಪಿಗೆ, ನಗುಮುಖ. ಮೇಲವಂಕಿಯಿಂದ ದಿನಾ ಸೈಕಲ್ ತುಳಿದು ಬರುತ್ತಾನೆ, ದಿನಾ ಬಾಳೆಹಣ್ಣು ತರುತ್ತಾನೆ. ಹೆತ್ತ ಮಗನೂ ಹೀಗೆ ನೋಡುವುದಿಲ್ಲ ಎಂದು ವಾರ್ಡಿನ ಹೆಂಗಸರೆಲ್ಲ ಅವನನ್ನು ಹೊಗಳುತ್ತಿದ್ದರು. ನಾನೂ ಹೊಗಳಿದವನೇ.

ಮಂಚದ ಪಕ್ಕ ಫೌಜದಾರರನ್ನು ಕಂಡು ಅವನ ಹೆಜ್ಜೆ ಒಂದು ಕ್ಷಣ ತಡೆಯಿತು. ಆಮೇಲೆ ಕೈಮುಗಿದ.

“ಬಾ ರಾಚಪ್ಪ. ಹಣ್ಣು ತಂದಿಯೇನು?”

“ಹೌದ್ರಿ. ಚಿಗವ್ವಗ ಅಂತ.”

“ದಿನಾ ನೆನಪಿಟ್ಟು ತರತಿ.”

“ಆಕಿ ಬಿಟ್ರ ನನಗ್ಯಾರದಾರ್ರಿ?”

“ಹಣ್ಣಿನ ನೆನಪು ಇರತೈತಿ. ಆಕಿ ಲಿಂಗದ ನೆನಪು ಹೆಂಗ ಹಾರತೈತಿ?”

ರಾಚಪ್ಪನ ನಗು ಮುಖದ ಮೇಲೆ ಹಾಗೆಯೇ ಉಳಿಯಿತು, ಕಣ್ಣು ಮಾತ್ರ ಚಿಗವ್ವನ ಕಡೆ ಸರಿಯಿತು. “ಅದು ಮನಿಯಾಗ ದೇವರ ಜಗಲಿ ಮ್ಯಾಲೆ ಐತ್ರಿ. ಹೊಲದ ಗದ್ದಲದಾಗ ದಿನಾ ಮರೀತೇನಿ.”

“ನಿನ್ನ ಕೊರಳಾಗ ಐತೇನು ಲಿಂಗ?”

“ಐತ್ರಿ.”

“ಇವತ್ತು ಮುಂಜಾನೆ ಪೂಜಿ ಮಾಡಕೊಂಡು ಉಂಡಿ?”

“ಹೂಂನ್ರಿ.”

“ನಿನ್ನೆ?”

“ನಿನ್ನೇನೂ ಮಾಡೇನ್ರಿ.”

“ಹದಿಮೂರು ದಿನ ಎಡ ಅಂಗೈಯಾಗ ನಿನ್ನ ಲಿಂಗ ಹಿಡದಿ. ಹಿಡದಾಗೆಲ್ಲಾ ಆಕಿಂದು ನೆನಪ ಆಗಿರಬೇಕಲ್ಲ. ಅದು ಇಲ್ಲದ ಆಕಿ ಉಣ್ಣೂದಿಲ್ಲಂತನೂ ನಿನಗ ಗೊತ್ತಿತ್ತು. ನಾ ಜೈನ, ನನಗ ತಿಳೀಲಿಲ್ಲ. ನರ್ಸಬಾಯಿ ಸಾತಾರಾದಾಕಿ, ಆಕಿಗೆ ತಿಳೀಲಿಲ್ಲ. ನಿನಗ?”

ಎಂಟನೆಯ ಮಂಚದಿಂದ ಗುಡ್ಡವ್ವ ಹಲ್ಲು ಕಡಿಯುತ್ತ ಏನೋ ಬೈದಳು. ರಾಚಪ್ಪ ಬೆವೆತಿದ್ದ.

“ನಾ ಯಾಕ ಆಕಿನ್ನ ಕೊಲ್ಲಲ್ರಿ? ಹೊಲಾ ಮನಿ ಎಲ್ಲಾ ಆಗಲೇ ನನ್ನ ಹೆಸರಿಗೆ ಬರದಕೊಟ್ಟಾಳ. ಕುಲಕರ್ಣೇರನ್ನ ಕೇಳ್ರಿ, ಬೇಕಾದ್ರ ಆಕಿನ್ನ ಕೇಳ್ರಿ. ಆಕಿ ಸತ್ರ ನನಗೇನು ಬರೂದೈತಿ?”

“ಖರೆ ಐತ್ರಿ,” ಎಂದಳು ಶಿವವ್ವ ಮೆಲ್ಲಗೆ. “ಹೋದ ವರ್ಷನ ಕೊಟ್ಟೇನಿ. ಹುಡುಗಗ ಬೈಬ್ಯಾಡ್ರಿ. ತರತೈತಿ.”

ಫೌಜದಾರರು ಗದ್ದ ಕೆರೆದುಕೊಂಡರು. ಅವರ ಕೈಯಲ್ಲಿದ್ದ ಒಂದೇ ಕಾರಣ ಆಗ ಜಾರಿಹೋಯಿತೆಂದು ನನಗೂ ತಿಳಿಯಿತು. ಮೇಜಿನ ಮೇಲಿನ ಗಡಿಯಾರದಲ್ಲಿ ಮೂರೂವರೆ. ಡಾಕ್ಟರರು ನಳಿಗೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದು ನಿಂತಿದ್ದರು.

“ಆತು ಬಿಡಪಾ,” ಎಂದು ಫೌಜದಾರರು ಎದ್ದರು. “ಮರವು ಯಾರಿಗಿಲ್ಲ? ಹೊರಗ ಇಬ್ಬರು ಪೊಲೀಸರದಾರ. ಮೋಟಾರು ಗಾಡೀನೂ ಐತಿ. ಮೇಲವಂಕಿಗೆ ಈಗ ಹೋಗೂಣು. ಜಗಲಿ ಮ್ಯಾಲೆ ಹುಡಕೂಣು. ಅಲ್ಲಿ ಇರಲಿಲ್ಲಂದ್ರ ಮನಿ, ಕಾಳಿನ ಹಗೇವು, ಹೊಲ ಎಲ್ಲಾ ನೋಡೂಣು.”

“ಹೊಲಾ ಯಾಕ್ರಿ?” ರಾಚಪ್ಪನ ದನಿ ಕೀರಲಾಯಿತು.

“ಸಿಗೂತನಕ ಎಲ್ಲಾ ಕಡೆ.”

ರಾಚಪ್ಪ ಹಣೆ ಬಡಿದುಕೊಂಡ. “ಅಯ್ಯ, ನನ್ನ ಮರವಿಗೆ ಬೆಂಕಿ ಹಾಕ! ಇವತ್ತು ತಂದೇನಿ ನೋಡ್ರಿ, ಚಂಚ್ಯಾಗ ಇಟ್ಟು ಮರತಬಿಟ್ಟೇನಿ.” ಸೊಂಟದ ಎಲೆಯಡಿಕೆಯ ಚಂಚಿಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ ಬೆಳ್ಳಿಯ ಕರಡಿಗೆಯೊಂದನ್ನು ತೆಗೆದ. “ತಗೋ ಚಿಗವ್ವಾ. ತಪ್ಪಾತು. ಪೊಲೀಸರು ಮನೀಗೆ ಯಾಕ ಬರಬೇಕು, ಮಂದಿ ಏನಂದಾರು?”

ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಅದರ ಜೊತೆಗೇ ಕುಣಿಯಬೇಕೆಂದೂ ಅನಿಸಿತು. ಬಂತು! ಮುದುಕಿ ಉಳಿದಳು! “ಲಕ್ಕವ್ವಾ, ಹಾಲು!” ಎಂದು ಕಿರುಚಿದೆ.

“ಅರ್ಧ ಬಟ್ಟಲ, ಜಾಸ್ತಿ ಬ್ಯಾಡ,” ಎಂದು ಡಾಕ್ಟರರು ನನಗಿಂತ ಜೋರಾಗಿ ಕೂಗಿದರು. “ನೀರು ಕೂಡಿಸಿ, ಚಮಚಾಲೆ. ಇಷ್ಟು ದಿನ ಹಸ್ತ ಹೊಟ್ಟಿಗೆ ಒಮ್ಮೆಲೆ ತುಂಬಿದ್ರ ಉಳಿಯೂದಿಲ್ಲ.” ನಳಿಗೆಯ ತಟ್ಟೆಯನ್ನು ಅವರು ಕಿಟಕಿಯ ಮೇಲೆ ಇಟ್ಟುಬಿಟ್ಟರು.

ಫೌಜದಾರರು ಮಾತ್ರ ನಗಲಿಲ್ಲ. “ಜಗಲಿ ಮ್ಯಾಲಿಂದು ಚಂಚ್ಯಾಗ ಬಂತು. ಹೊಲದ ಹೆಸರು ತಗದ ಕೂಡ್ಲೆ ಬಂತು,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಶಿವವ್ವ ಎರಡೂ ಕೈಯಿಂದ ಕರಡಿಗೆಯನ್ನು ತೆಗೆದುಕೊಂಡಳು. ಕಣ್ಣಿಗೆ ಒತ್ತಿಕೊಂಡಳು. ಗುಡ್ಡವ್ವ ಬಿಕ್ಕಿದಳು, ಸೀತಾಬಾಯಿ ಬಾಗಿಲ ಮರೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡರು. ಲಕ್ಕವ್ವ ಬಟ್ಟಲು ಹಿಡಿದು ಮಂಚದ ತಲೆಗೆ ನಿಂತಳು. ನನ್ನ ಕಣ್ಣೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ?

ಆಮೇಲೆ ಮುದುಕಿಯ ಹೆಬ್ಬೆರಳು ಮುಚ್ಚಳದ ಮೇಲೆ ಒಂದು ಸುತ್ತು ಹರಿದಾಡಿತು. ಒಂದು ಕಡೆ ಬಂದು ನಿಂತಿತು. ಇನ್ನೊಮ್ಮೆ ಅಲ್ಲಿಗೇ ಹೋಯಿತು.

“ಇದು ನನ್ನದಲ್ಲ,” ಎಂದಳು.

“ನಿಂದ ಐತಿ ಚಿಗವ್ವಾ! ಕಣ್ಣು ಮಂಜಾಗ್ಯಾವ ನಿನಗ,” ಎಂದ ರಾಚಪ್ಪ.

“ಕಣ್ಣು ಮಂಜಾಗ್ಯಾವು. ಬಟ್ಟು ಆಗಿಲ್ಲ.” ಅವಳು ಕರಡಿಗೆಯನ್ನು ನನ್ನ ಕೈಗೆ ಕೊಟ್ಟಳು. “ನೋಡೋ ತಮ್ಮಾ, ಮುಚ್ಚಳಕ್ಕ ತಾಮ್ರದ ತ್ಯಾಪಿ ಐತಿಲ್ಲೋ?”

ಇತ್ತು. ಬೆಳ್ಳಿಯ ನಡುವೆ ಕಡಲೆಕಾಳಿನಷ್ಟು ಕೆಂಪು.

“ಮದಿವಿ ವರ್ಷ ಒಬ್ಬನ ಅಕ್ಕಸಾಲಿಗ ಒಂದು ಜೋಡಿ ಕರಡಿಗಿ ಮಾಡಿದ್ದ. ನನಗೊಂದು, ಅವರಿಗೊಂದು. ಅವರದು ಬಾವಿ ಕಟ್ಟಿ ಮ್ಯಾಲೆ ಬಿದ್ದು ಒಡೀತು. ನಾನ ನಿಂತು ತ್ಯಾಪಿ ಹಾಕಿಸಿದ್ದೆ.” ಶಿವವ್ವ ರಾಚಪ್ಪನ ಕಡೆ ತಿರುಗಿದಳು. ಹದಿಮೂರು ದಿನದಲ್ಲಿ ಮೊದಲ ಸಲ ಅವಳ ದನಿ ಗಟ್ಟಿಯಾಗಿತ್ತು. “ನಿಮ್ಮ ಕಾಕಾಂದು, ರಾಚ್ಯಾ. ಮಣ್ಣು ಕೊಡೂವಾಗ ಬೆಳ್ಳಿ ಯಾಕ ಹಾಕ್ತಿ, ಬರೇ ಲಿಂಗ ಇಡು ಅಂದ್ರು ಎಲ್ಲಾರೂ. ನಾ ಕೇಳಲಿಲ್ಲ. ಕರಡಿಗಿ ಸೈತ ಅವರ ಎಡ ಅಂಗೈಯಾಗ ಇಟ್ಟು, ಬೆರಳು ನಾನ ಮಡಚೇನಿ. ನೀನೂ ಅಲ್ಲೇ ನಿಂತಿದ್ದಿ. ಅದು ನಿನ್ನ ಚಂಚ್ಯಾಗ ಹೆಂಗ ಬಂತು?”

ರಾಚಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ಪೊಲೀಸನಿದ್ದ.

ಸಮಾಧಿಯ ಅಲುಗದ ಕಲ್ಲು ಅವತ್ತು ಅಲುಗಿತು ಎಂದು ಬೆಳಗ್ಗೆ ಮುದುಕಿ ನನಗೆ ಹೇಳಿದ್ದಳು. ನಾನು ಫೌಜದಾರರ ಕಿವಿಯಲ್ಲಿ ಅದನ್ನು ಹೇಳಿದೆ. ಅವರು ಬಾಯಿಯ ಯಾಲಕ್ಕಿಯನ್ನು ತೆಗೆದು ಕಿಟಕಿಯಾಚೆ ಎಸೆದರು.

“ಎರಡು ತೊಲಿ ಬೆಳ್ಳಿಗಾಗಿ ಯಾರೂ ಸಮಾಧಿ ತಗ್ಯೂದಿಲ್ಲ,” ಎಂದರು ರಾಚಪ್ಪನಿಗೆ. “ನಾವು ಹೊಲಕ್ಕ ಬರಬಾರದಂತ ಆಕಿ ಲಿಂಗದ ಬದಲಿ ಕೈಯಾಗಿದ್ದ ಇದನ್ನ ಕೊಟ್ಟಿ. ಇದನ್ನ ಹೊರಗ ತಗದಿ. ಒಳಗ ಏನು ಇಟ್ಟಿ?”

ರಾಚಪ್ಪ ಬಾಗಿಲ ಕಡೆ ನೋಡಿದ.

“ನಾನು ಎದ್ದು ಹೊಲಕ್ಕ ಬರಬಾರದಂತ ನನ್ನದು ಕೊಡಲಿಲ್ಲ ಇವ,” ಎಂದಳು ಶಿವವ್ವ. ಉಸಿರು ಏರಿತ್ತು, ಲಕ್ಕವ್ವ ಅವಳ ಬೆನ್ನಿಗೆ ಕೈ ಕೊಟ್ಟಳು. “ಸೋಮಪ್ಪ, ನಿಮ್ಮ ಅಯ್ಯನೋರು ಎಲ್ಲಿಗೆ ಬಂದ್ರು?”

“ಟಾಂಗಾ ಹೋಗೇತಿ, ಯವ್ವಾ. ಇನ್ನೇನು ಬರ್ತಾರ.”

“ಅವರು ಬಂದ ಕೂಡ್ಲೆ ಹೊಸಾ ಲಿಂಗ ಕಟ್ಟಸ್ರಿ. ಮಂದಿ ಏನು ಬೇಕಾದ್ದು ಅನ್ಲಿ. ಲಕ್ಕವ್ವಾ, ಹಾಲು ಆರಿಸಬ್ಯಾಡ, ಬೆಚ್ಚಗ ಇಡು.” ಅವಳು ಗಂಡನ ಕರಡಿಗೆಯನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು ಎದೆಯ ಮೇಲೆ ಇಟ್ಟುಕೊಂಡಳು. “ಫೌಜದಾರ್ರ, ಸಮಾಧಿ ತಗಸರಿ. ಮಂಚದ ಸಮೇತ ನನ್ನ ಅಲ್ಲಿಗೆ ಒಯ್ಯರಿ. ಅದನ್ನ ನೋಡೂತನಕ ನಾ ಸಾಯೂದಿಲ್ಲ.”